ಕೂಡುಹೊಳೆಯಲ್ಲಿ ಮಾವನವರ ಪಂದ್ಯ

ನನ್ನ ಮಾವನವರಿಗೆ ವಾದ ಮಾಡದೆ ಉಂಡದ್ದು ಅರಗುತ್ತಿರಲಿಲ್ಲ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ ಅದು. ಗಂಡುಮಕ್ಕಳು ಮಗ್ಗದಲ್ಲಿ ಕೂತರೆ ಮಾವನವರು ಬಣ್ಣದ ಹಂಡೆಯ ಮುಂದೆ. ಮೊಣಕೈವರೆಗೆ ಸದಾ ಕೆಂಪು. ಅವರು ಏನು ಹೇಳಿದರೂ ಮಕ್ಕಳು ತಲೆಯಾಡಿಸಿ ತಪ್ಪಿಸಿಕೊಳ್ಳುತ್ತಿದ್ದರು. ಹೀಗಾಗಿ ಚಳ್ಳಕೆರೆ ತಾಲ್ಲೂಕಿನ ವೇದಾವತಿ ದಂಡೆಯಿಂದ ನಾನು ಸೊಸೆಯಾಗಿ ಹೋದಾಗ ಅವರಿಗೆ ಹಬ್ಬವಾಯಿತು. ನನ್ನ ಬಾಯಿ ಅಷ್ಟು ಸುಲಭಕ್ಕೆ ಮುಚ್ಚುವಂಥದ್ದಲ್ಲ.

ಆದರೆ ಆ ಕಾಲದಲ್ಲಿ ಸೊಸೆ ಮಾವನೊಡನೆ ನೇರವಾಗಿ ಮಾತಾಡುವಂತಿರಲಿಲ್ಲ. ಅವರು ಪಡಸಾಲೆಯಲ್ಲಿ, ನಾನು ಅಡುಗೆಮನೆಯ ಬಾಗಿಲ ಹಿಂದೆ, ನಡುವೆ ಹೊಸ್ತಿಲ ಹತ್ತಿರ ಅತ್ತೆ. “ಅತ್ತೆ, ಮಾವಾರಿಗೆ ಹೇಳ್ರಿ” ಎಂದು ನಾನು ಶುರು ಮಾಡುವುದು. “ಏಯ್, ಕೋಡಲಿಗೆ ಹೇಳು” ಎಂದು ಅವರು ಉತ್ತರ ಕೊಡುವುದು. ಕೋಡಲು ಎಂದರೆ ಆ ಮನೆಯ ತೆಲುಗಿನಲ್ಲಿ ಸೊಸೆ. ಇಬ್ಬರ ಮಾತೂ ಇಬ್ಬರ ಕಿವಿಗೂ ಚೆನ್ನಾಗಿಯೇ ಬಿದ್ದಿರುತ್ತಿತ್ತು. ಆದರೂ ಅತ್ತೆ ಅದನ್ನು ಇನ್ನೊಮ್ಮೆ ಹೇಳುವತನಕ ಕೇಳಿಸಿಲ್ಲವೆಂದೇ ಲೆಕ್ಕ. ಪಾಪ, ಸೊಪ್ಪು ಸೋಸುತ್ತ ನನ್ನ ಕುಚೋದ್ಯವನ್ನು ಅತ್ತ, ಅವರ ಕೊಂಕನ್ನು ಇತ್ತ ಸಾಗಿಸುತ್ತಿದ್ದರು. ತಮ್ಮದೆಂದು ಒಂದು ಮಾತನ್ನೂ ಸೇರಿಸುತ್ತಿರಲಿಲ್ಲ.

ನನ್ನನ್ನು ಹೆಸರು ಹಿಡಿದು ಕರೆಯದೆ ಕೋಡಲು ಎನ್ನುತ್ತಿದ್ದುದಕ್ಕೆ ಕಾರಣವಿತ್ತು. ನನ್ನ ಹೆಸರೂ ಅತ್ತೆಯ ಹೆಸರೂ ಒಂದೇ ಆಗಿಬಿಟ್ಟಿತ್ತು. ಹಾಗಾದರೆ ಸೊಸೆಯನ್ನು ಬೈದರೂ ಅತ್ತೆಯನ್ನು ಬೈದಂತಾಗುತ್ತದೆ ಎಂದು, ಬೇಸಿಗೆಯಲ್ಲಿ ಬಳ್ಳಾರಿ ಸೀಮೆಯ ಮನೆದೇವರಿಗೆ ಹೋದಾಗ ನನಗೆ ಹೊಸ ಹೆಸರಿಡುವುದೆಂದು ತೀರ್ಮಾನಿಸಿದ್ದರು. ನನ್ನದು ನನ್ನ ಅಜ್ಜಿಯ ಹೆಸರು. ಅವ್ವನನ್ನು ಬಿಟ್ಟು ಬಂದಿದ್ದೆ, ಊರು ಬಿಟ್ಟು ಬಂದಿದ್ದೆ. ಇನ್ನು ಹೆಸರನ್ನೂ ಬಿಡು ಎಂದಾಗ ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಹೆಚ್ಚು.

ಮಾವನವರು ಇದಕ್ಕೆ ಹೊಳೆಯ ನ್ಯಾಯ ಹೇಳಿದರು.

“ಒಂದು ಹೊಳೆ ಇನ್ನೊಂದು ಹೊಳೆಗೆ ಸೇರಿದ ಮ್ಯಾಲೆ ಅದರ ಹೆಸರು ಉಳೀತೈತಾ? ಹೆಣ್ಮಕ್ಕಳೂ ಅಂಗೇ. ಕೋಡಲಿಗೆ ಹೇಳು.”

ಇಲ್ಲಿ ಅವರು ಸಿಕ್ಕಿಬಿದ್ದರು. ನಮ್ಮಣ್ಣ ಶಾಲೆಯಲ್ಲಿ ಕಲಿತ ಹೊಳೆಗಳ ಪಾಠವನ್ನು ಮನೆಯಲ್ಲಿ ರಾಗ ಹಾಕಿ ಒಪ್ಪಿಸುತ್ತಿದ್ದ. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ವೇದಾವತಿ ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು, ಹಿರಿಯೂರು ದಾಟಿ, ನಮ್ಮ ಪರಶುರಾಂಪುರದ ಪಕ್ಕ ಹಾದು, ಬಳ್ಳಾರಿ ಸೀಮೆಯಲ್ಲಿ ಹಗರಿ ಎನ್ನಿಸಿಕೊಂಡು ತುಂಗಭದ್ರೆಗೆ ಸೇರುತ್ತದೆ. ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಸಮುದ್ರಕ್ಕೆ. ಮೊಳಕಾಲ್ಮೂರಿನ ಕಡೆಯ ಚಿನ್ನ ಹಗರಿ ದಾರಿಯಲ್ಲಿ ಎಲ್ಲೋ ಬಂದು ನಮ್ಮ ಹೊಳೆಗೆ ಬೀಳುತ್ತದೆ, ಅಷ್ಟೆ.

“ಅತ್ತೆ, ಮಾವಾರಿಗೆ ಹೇಳ್ರಿ. ನಿಮ್ಮೂರ ಹಳ್ಳನೇ ನಮ್ಮ ಹೊಳೆಗೆ ಬಂದು ಸೇರೋದು. ಅವರ ನ್ಯಾಯದಾಗೆ ಹೆಸರು ಬಿಡಬೇಕಾದೋರು ಈ ಮನೆಯೋರು.”

ಅತ್ತೆ ಹೇಳಿದರು. ಪಡಸಾಲೆಯಲ್ಲಿ ಚೊಂಬು ಕುಕ್ಕಿದ ಸದ್ದಾಯಿತು.

“ಹಳ್ಳನಾ? ಏಯ್, ಕೇಳು ಅವಳನ್ನ. ಎರಡೂ ಕೂಡಿದ ಮ್ಯಾಲೆ ಆ ಹೊಳೇನ ಯಾರಾದ್ರೂ ವೇದಾವತಿ ಅಂತಾರಾ? ಹಗರಿ ಅಂತಾರೆ. ಹಗರಿ ಅಂದ್ರೆ ನಮ್ಮದು! ಅವಳ ಹೊಳೇಗೆ ಮಾರಿಕಣಿವೆಯಾಗೆ ಕಟ್ಟೆ ಕಟ್ಟಿ ಮೂಗುದಾರ ಹಾಕ್ತಾ ಅವ್ರೆ. ಇನ್ನೇನು ಉಳಿದೈತೆ ಅದರಾಗೆ?”

ಕೊನೆಗೆ ಪಂದ್ಯವಾಯಿತು. ಮನೆದೇವರ ದಾರಿಯಲ್ಲೇ ಕೂಡುಹೊಳೆ ಸಿಗುತ್ತದೆ. ಯಾವುದು ಯಾವುದಕ್ಕೆ ಸೇರುತ್ತದೆಂದು ಕಣ್ಣಾರೆ ನೋಡುವುದು. ಅವರದು ನಮ್ಮದಕ್ಕೆ ಸೇರಿದರೆ ನನ್ನ ಹೆಸರು ನನಗೆ. ನಮ್ಮದು ಅವರದಕ್ಕೆ ಸೇರಿದರೆ ಅವರಿಟ್ಟ ಹೆಸರಿಗೆ ನಾನು ಓಗೊಡುವುದು. ನನ್ನ ಗಂಡ ಮಗ್ಗದ ಗುಂಡಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡು, ಕೇಳಿಸಲಿಲ್ಲವೆಂಬಂತೆ ಲಾಳಿ ಎಸೆಯುತ್ತಿದ್ದರು.

ಬೇಸಿಗೆ ಬಂತು. ಗಾಡಿ ಹೊಡೆಯಲು ಗಂಡ, ಒಳಗೆ ನಾವು ಮೂವರು. ಕೂಡುಹೊಳೆ ತಲುಪಿ ಇಳಿದು ನೋಡಿದರೆ ಈ ಕಡೆಯಿಂದ ಮರಳು, ಆ ಕಡೆಯಿಂದ ಮರಳು, ಮುಂದಕ್ಕೆ ಹೋದದ್ದೂ ಮರಳು. ಒಂದು ಹನಿ ನೀರಿಲ್ಲ. ನಮ್ಮ ಸೀಮೆಯವರಿಗೆ ಹೊಳೆಯೆಂದರೆ ಮರಳೇ. ನೀರು ಯಾವಾಗಲೋ ಬಂದು ಹೋಗುವ ನೆಂಟ. ಹೊಳೆ ಯಾವ ಕಡೆ ಹರಿಯುತ್ತದೆಂದು ನೋಡಲು ನಡುಬೇಸಿಗೆಯಲ್ಲಿ ಗಾಡಿ ಕಟ್ಟಿಸಿಕೊಂಡು ಹೋಗುವಾಗ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಗಂಡ ಮಾತ್ರ ಎತ್ತಿನ ಮೈ ಸವರುವ ನೆಪದಲ್ಲಿ ಆ ಕಡೆ ತಿರುಗಿ ನಗುತ್ತಿದ್ದರು.

ಮಾವನವರು ಸೋಲುವ ಕುಳವಲ್ಲ. ದಾರಿಯಲ್ಲಿ ಮಾರಲೆಂದು ಗಾಡಿಯಲ್ಲಿ ತಂದಿದ್ದ ಸೀರೆಗಳ ಗಂಟಿನಿಂದ ಅರಗಿನ ಕೆಂಪು ಹಾಕಿದ ರೇಷ್ಮೆಯ ಲಡಿಯೊಂದನ್ನು ತೆಗೆದರು. ಆ ಕೆಂಪು ಹೇಗೆ ಬರುತ್ತದೆಂಬುದು ಕೊನೆಗೆ ಜಾಲಿಸುವ ನೀರಿನ ಮೇಲೆ ನಿಂತಿದೆ; ಚಿನ್ನ ಹಗರಿಯ ನೀರಿನಲ್ಲಿ ಹಣ್ಣು ಮೆಣಸಿನಕಾಯಿಯ ಬಣ್ಣ ಬರುತ್ತದೆ, ಬೇರೆ ನೀರಿನಲ್ಲಿ ಕಪ್ಪಾಗುತ್ತದೆ ಎಂಬುದು ಅವರ ಜೀವಮಾನದ ನಂಬಿಕೆ. ಹೊಳೆಗಳು ಕೂಡಿದ ಜಾಗದ ಕೆಳಗೆ ಮಗನಿಂದ ಮರಳು ಬಗೆಸಿ ಚಿಲುಮೆ ತೋಡಿಸಿದರು. ತಳದಲ್ಲಿ ನೀರು ಒಸರಿತು. ಲಡಿ ಅದ್ದಿ, ಹಿಂಡಿ, ಬಿಸಿಲಿಗೆ ಹಿಡಿದರು.

“ನೋಡು! ಮೆಣಸಿನಕಾಯಿ! ನಮ್ಮ ನೀರು. ಹೇಳು ಅವಳಿಗೆ.”

“ಅತ್ತೆ, ಹೇಳ್ರಿ. ಕಪ್ಪಾಗೈತೆ. ಅದು ನಮ್ಮ ನೀರು.”

“ಕಣ್ಣು ಸರಿಯಾಗಿ ಬಿಡು ಅಂತ ಹೇಳು.”

“ಬಿಟ್ಟೇ ನೋಡಿದೀನಿ ಅಂತ ಹೇಳ್ರಿ.”

ಕಾದ ಮರಳಿನ ಮೇಲೆ ಅತ್ತೆ ಆ ಕಡೆ ಈ ಕಡೆ ತಿರುಗಿ ತಿರುಗಿ ಹೇಳಿದರು. ಹೇಳುತ್ತ ಹೇಳುತ್ತ ಇದ್ದಕ್ಕಿದ್ದಂತೆ ಮಾವನವರ ಕೈಯಿಂದ ಲಡಿ ಕಿತ್ತುಕೊಂಡು ಗಾಡಿಯೊಳಕ್ಕೆ ಎಸೆದರು.

“ಸಾಕು ಬಿಡ್ರಿ! ಕತ್ತು ನೋಯ್ತೈತೆ ನನಗೆ.”

ಎತ್ತು ಕೂಡ ತಲೆಯೆತ್ತಿ ನೋಡಿತು. ಅತ್ತೆ ಮಾವನವರತ್ತ ತಿರುಗಿದರು.

“ನಾನು ಉರವಕೊಂಡದ ಆಚೆಯೋಳು, ಪೆನ್ನೇರು ದಂಡೆಯೋಳು. ಆ ಹೊಳೆ ನಿಮ್ಮ ಹಗರಿಗೂ ಸೇರಲ್ಲ, ಕೃಷ್ಣಗೂ ಸೇರಲ್ಲ. ತನ್ನ ಪಾಡಿಗೆ ತಾನು ಸಮುದ್ರಕ್ಕೆ ಹೋಗ್ತೈತೆ. ಆದ್ರೂ ನನ್ನ ಹೆಸರು ತೆಗೆದ್ರಲ್ಲ? ಆಗ ಯಾವ ಹೊಳೆ ನೋಡಿದ್ರಿ? ಈ ಹೆಸರು ನಿಮ್ಮವ್ವ ನನಗೆ ಇಟ್ಟಿದ್ದು. ನನ್ನದಲ್ಲ ಇದು. ಈ ಹುಡುಗಿ ಇದನ್ನ ಹುಟ್ಟಿದಾಗಿಂದ ಇಟ್ಕೊಂಡೈತೆ. ಅವಳದು ಅವಳಿಗೇ ಇರಲಿ.”

ಮಾವನವರು ಮೆಲ್ಲಗೆ ಕೇಳಿದರು, “ಮತ್ತೆ ನಿಂದೇನು ಹೆಸರು?”

ಅತ್ತೆ ಹೇಳಿದರು. ಮಾವನವರು ಅದನ್ನು ಒಮ್ಮೆ ಬಾಯಲ್ಲಿ ಹೇಳಿ ನೋಡಿದರು. ಹೆಂಡತಿಯ ಹೆಸರನ್ನು ಮಗ ಸೊಸೆಯ ಮುಂದೆ ಹೇಳಿಬಿಟ್ಟೆನೆಂದು ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡರು. ನಾನು ಸೆರಗು ಬಾಯಿಗೆ ತುರುಕಿಕೊಂಡರೂ ನಗು ತಡೆಯಲಾಗಲಿಲ್ಲ.

“ಗೆದ್ದೆ ಅಂತ ನಗಬೇಡ, ಕೋಡಲಾ,” ಎಂದರು. ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ಹೇಳಲು ನಡುವೆ ಯಾರೂ ಉಳಿದಿರಲಿಲ್ಲ.

ಮನೆದೇವರ ಮುಂದೆ ನನ್ನ ಹೆಸರು ನನಗೇ ಉಳಿಯಿತು. ಆದರೆ ಅತ್ತೆಗೆ ಏನೂ ಸಿಗಲಿಲ್ಲ. ಅವರ ಹುಟ್ಟುಹೆಸರು ಈಗ ನಮಗೆ ಗೊತ್ತು, ಕರೆಯುವವರು ಮಾತ್ರ ಇಲ್ಲ: ಗಂಡ ಕರೆಯುವಂತಿಲ್ಲ, ಮಕ್ಕಳಿಗೆ ಅವರು ಅವ್ವ, ಸೊಸೆ ಅತ್ತೆಯ ಹೆಸರೆತ್ತಬಾರದು. ಈ ಯೋಚನೆ ನನ್ನನ್ನು ಬಿಡಲೇ ಇಲ್ಲ. ನನಗೆ ಮೊದಲ ಹೆಣ್ಣುಮಗು ಹುಟ್ಟಿದಾಗ ಅವರನ್ನೇ ಕೇಳಿದೆ: “ಮಗೀಗೆ ನಿಮ್ಮ ತವರಿನ ಹೆಸರಿಡೋ ಆಸೆ ಐತೆ. ಆದ್ರೆ ನಾನು ಅದನ್ನ ಕರಿಯೋದೆಂಗೆ?”

ಅತ್ತೆ ಮಗುವಿನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ತಲೆ ಎತ್ತಲಿಲ್ಲ.

“ಜೋರಾಗಿ ಕೂಗು. ಬೈಯೋವಾಗಲೂ ಕೂಗು. ಆ ಹೆಸರು ಕೇಳಿ ಬಾಳ ದಿನ ಆಗೈತೆ.”

ಕೂಗಿದೆ. ಮಗಳು ತಪ್ಪು ಮಾಡಿದಾಗಲೂ ಕೂಗಿದೆ, ಮಾಡದಿದ್ದಾಗಲೂ ಕೂಗಿದೆ. ಬೀದಿಯಲ್ಲಿ ಆಡುತ್ತಿದ್ದ ಅವಳು ಓಗೊಡುವ ಮುಂಚೆಯೇ ಒಳಮನೆಯಿಂದ ಅತ್ತೆ “ಓ” ಎನ್ನುತ್ತಿದ್ದರು.