ತಾತನ ಪಕ್ಕದ ಕೋಲು

ನಮ್ಮ ತಾತನದೊಂದು ಫೋಟೊ ಇದೆ. ಕಾಡಂಚಿನ ನಮ್ಮ ಹಾಡಿಗೆ ಬಂದ ಬಿಳಿ ದೊರೆಯೊಬ್ಬ ತೆಗೆದು, ಒಂದು ಪ್ರತಿ ಕೊಟ್ಟುಹೋಗಿದ್ದನಂತೆ. ಒಂದೇ ರಟ್ಟಿನ ಮೇಲೆ ಎದುರು ಮುಖದ್ದೊಂದು, ಪಕ್ಕದ್ದೊಂದು. ತಾತನ ಕಿವಿಗೆ ತಾಗಿದಂತೆ ಗೆರೆ ಹಾಕಿದ ಕೋಲು. ಅದು ದೊರೆಯ ಅಧಿಕಾರದ ಕೋಲೆಂದೇ ನಾವು ತಿಳಿದಿದ್ದೆವು.

"ಇಡೀ ಹಾಡೀಲಿ ದೊರೆ ಆರಿಸಿದ್ದು ನಿಮ್ ತಾತನ್ನೇ ಕಣ್ಲಾ," ಎನ್ನುತ್ತ ಅವ್ವ ಹಬ್ಬಹಬ್ಬಕ್ಕೂ ಅದಕ್ಕೆ ಹಾರ ಹಾಕುತ್ತಿದ್ದಳು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬಡಗಿಯಾದವನು ನಾನು. ಪರ್ತ್‌ಗೆ ಬರುವಾಗ ಆ ಫೋಟೊವನ್ನೂ ತಂದು, ಗಂಧದ ಹಾರ ಹಾಕಿ ಗೋಡೆಗೆ ತೂಗುಹಾಕಿದೆ. ಕ್ಯಾನಿಂಗ್ ವೇಲ್‌ನ ಮನೆಗೆ ಊಟಕ್ಕೆ ಬಂದ ಕನ್ನಡದ ಇಂಜಿನಿಯರುಗಳಿಗೆಲ್ಲ ಎದೆಯುಬ್ಬಿಸಿ ತೋರಿಸಿದೆ.

ಬ್ರಿಸ್ಬೇನ್‌ನಲ್ಲಿ ಓದುತ್ತಿದ್ದ ಮಗಳು ಒಮ್ಮೆ ರಜೆಗೆ ಬಂದವಳು ಅದನ್ನೇ ನೋಡುತ್ತ ನಿಂತಳು. "ಅಪ್ಪಾ, ದಿಸ್ ಈಸ್ ನಾಟ್ ಆನರ್. ಈ ದೊರೆಗಳು ಮೂಗು, ತಲೆ ಮೆಷರ್ ಮಾಡ್ತಿದ್ರು. ನೇಗಿಲಿಲ್ಲ, ಬರಹ ಇಲ್ಲ ಅಂತ ನಮ್ಮಂಥೋರನ್ನ ಕೆಳಗಿನ ಮೆಟ್ಟಿಲಲ್ಲಿಟ್ಟು, ದೇ ಪುಟ್ ದೆಮ್‌ಸೆಲ್ವ್ಸ್ ಆನ್ ಟಾಪ್. ಇಲ್ಲಿಯ ಮೂಲನಿವಾಸಿಗಳಿಗೂ ಸೇಮ್."

"ನಾನು ಓದಿಸಿದ್ದು ತಾತನ್ನ ಕೀಳು ಮಾಡೋಕಾ?" ಎಂದು ರೇಗಿದೆ. ಉಳಿದ ರಜೆಯೆಲ್ಲ ಅವಳೊಡನೆ ಮಾತಾಡಲಿಲ್ಲ.

ಮುಂದಿನ ವರ್ಷ ನಮ್ಮ ಮರಗೆಲಸದ ಕಾರ್ಖಾನೆಗೊಂದು ಕೆಲಸ ಬಂತು. ಎಂದೋ ಒಯ್ದು ಹೊರದೇಶದ ಮ್ಯೂಸಿಯಮ್ಮಿನಲ್ಲಿಟ್ಟಿದ್ದ ಇಲ್ಲಿಯ ಮೂಲನಿವಾಸಿಗಳ ಪೂರ್ವಿಕರ ಮೂಳೆಗಳು ವಾಪಸಾಗುತ್ತಿದ್ದವು. ಮಣ್ಣು ಮಾಡಲು ಪೆಟ್ಟಿಗೆ ಬೇಕಿತ್ತು. ಅವರ ಹಿರಿಯಾಕೆಯೊಬ್ಬರು ನೋಡಲು ಬಂದರು. ಹಿರಿಯ ಹೆಂಗಸರನ್ನು ಅವರೂ ಆಂಟಿ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆದೆ. ಪೆಟ್ಟಿಗೆಯ ಅಂಚು ಸವರಿ, "ಇಷ್ಟು ನುಣುಪಾ? ನಾನೇ ಮಲಗಿಬಿಡಲೇನಪ್ಪಾ?" ಎಂದು ತಮ್ಮ ಇಂಗ್ಲಿಷಿನಲ್ಲಿ ನಗಿಸಿದರು. ಆಮೇಲೆ ಕೈಚೀಲದಿಂದ ಒಂದು ಫೋಟೊ ತೆಗೆದರು. "ನಮ್ಮಜ್ಜಿ."

ಎದುರಿಗೊಂದು, ಪಕ್ಕಕ್ಕೊಂದು. ಕಿವಿಯ ಬಳಿ ಅದೇ ಗೆರೆಗಳ ಕೋಲು.

"ಎಷ್ಟು ನೆಟ್ಟಗೆ ನಿಂತಿದ್ದಾರೆ," ಎಂದೆ.

"ನಿಲ್ಲಿಸಿದ್ದರು," ಎಂದರು ಆಂಟಿ.

ಮೂವತ್ತು ವರ್ಷ ಅಳತೆಪಟ್ಟಿ ಹಿಡಿದೇ ಅನ್ನ ತಿಂದವನು ನಾನು. ಅಳತೆಗೋಲು ಗುರುತಾಗಿರಲಿಲ್ಲ.

ಮನೆಗೆ ಬಂದು ಹಾರ ತೆಗೆದೆ. ಇಷ್ಟು ವರ್ಷ ಅದರ ಮರೆಯಲ್ಲಿ, ರಟ್ಟಿನ ಕೆಳಗಂಚಿಗೆ ಅಂಟಿಸಿದ ಇಂಗ್ಲಿಷಿನ ಒಂದು ಚೀಟಿ ಇತ್ತು. ಅವ್ವನಿಗೆ ಅದು ಓದಲು ಬರುತ್ತಿರಲಿಲ್ಲ. ನಾನು ಇಲ್ಲಿಗೆ ಬಂದು ಇಂಗ್ಲಿಷ್ ಓದಲು ಕಲಿತ ಮೇಲೂ ಹಾರ ಸರಿಸಿರಲಿಲ್ಲ. ಒಂದು ನಂಬರ್, ಮೂಗಿನ ಅಳತೆ, 'ಪ್ರಿಮಿಟಿವ್, ಗಂಡು'. ತಾತನ ಹೆಸರಿರಲಿಲ್ಲ.

ಮಗಳಿಗೆ ಫೋನ್ ಮಾಡಿದೆ. "ನೀನೇ ಸರಿ ಕಣಮ್ಮಾ," ಎಂದು ಅತ್ತುಬಿಟ್ಟೆ. ಅವಳು ಅಪರೂಪಕ್ಕೆ ಕನ್ನಡದಲ್ಲೇ, "ಅಳಬೇಡ ಅಪ್ಪಾ," ಎಂದಳು.

ತೇಗದ ಹೊಸ ಚೌಕಟ್ಟು ಮಾಡಿದೆ. ಚೀಟಿ ಅದರ ಅಂಚಿನಡಿ ಮರೆಯಾಯಿತು. ಕೋಲನ್ನೂ ಮುಚ್ಚಲು ಹೋದೆ. ತಾತನ ಕಿವಿಯೂ ಮುಚ್ಚುತ್ತಿತ್ತು. ಹಾಗೇ ಬಿಟ್ಟೆ.