ಫ್ರಿಜ್ಜಿನ ಮುಂದಿನ ಚಪ್ಪಲಿ

“ಅತ್ತೆ, ಚಪ್ಪಲಿ ಹಾಕ್ಕೊಳ್ಳಿ!” ಎಂದು ನಾನು ಕೂಗುವಷ್ಟರಲ್ಲಿ ಫ್ರಿಜ್ಜಿನ ಬಾಗಿಲು ಮುಟ್ಟಿದ್ದ ಅತ್ತೆ ಚೀರಿ ಕೈ ಹಿಂದಕ್ಕೆಳೆದುಕೊಂಡಾಗಿತ್ತು. ಅವರು ಉಡುಪಿಯಿಂದ ಬಂದು ಒಂದು ದಿನವೂ ಆಗಿರಲಿಲ್ಲ. ಮೆಟ್ರೊ ಇನ್ನೂ ಬಾರದಿದ್ದ ಆಗಿನ ದಿಲ್ಲಿ ಪಕ್ಕದ ಇಂದಿರಾಪುರಂನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಫ್ರಿಜ್ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಸೊಸೈಟಿಯ ಎಲೆಕ್ಟ್ರಿಷಿಯನ್ ಹೇಳಿದಂತೆ ಅದರ ಮುಂದೆ ರಬ್ಬರ್ ಚಪ್ಪಲಿ ಇಟ್ಟು, ಮೆಟ್ಟಿಕೊಂಡೇ ಹಾಲು ತೆಗೆಯುತ್ತಿದ್ದೆವು.

“ಅಡುಗೆಮನೆಯಲ್ಲಿ ಚಪ್ಪಲಿ ಹಾಕ್ಲಿಕ್ಕುಂಟಾ? ನನ್ನಿಂದಾಗುದಿಲ್ಲ. ಕರಿ ಆ ಎಲೆಕ್ಟ್ರಿಷಿಯನ್‌ನನ್ನು!” ಎಂದರು ಅತ್ತೆ.

ಅವನು ಬಂದು, ಚಪ್ಪಲಿ ಹಾಕಿಕೊಂಡರೆ ಏನೂ ಆಗುವುದಿಲ್ಲ ಮಾತಾಜಿ ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಅತ್ತೆ ಪ್ಲಗ್ಗಿನತ್ತ ಬೆರಳು ತೋರಿಸಿ, ಅಲ್ಲೇ ಸ್ಟೂಲ್ ಹಾಕಿಕೊಂಡು ಕುಳಿತುಬಿಟ್ಟರು. ಏಳುವ ಲಕ್ಷಣ ಕಾಣದೆ ಅವನು ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದ. ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಮೂರನೆಯ ತೂತಿಗೆ, ಅಂದರೆ ಅರ್ತ್‌ಗೆ, ತಂತಿಯೇ ಇರಲಿಲ್ಲ! ಮೇನ್ ಬೋರ್ಡಿನಿಂದ ಹಸಿರು ತಂತಿ ಎಳೆದು ಕೂಡಿಸಿದ. ಕರೆಂಟ್ ಹಾಕಿ ಫ್ರಿಜ್ಜಿಗೆ ಇಟ್ಟ ಟೆಸ್ಟರಿನ ದೀಪ ಹತ್ತಲಿಲ್ಲ; ಶಾಕ್ ಹೋಗಿತ್ತು.

ಅತ್ತೆಗೆ ಅಷ್ಟು ಸಾಲಲಿಲ್ಲ. “ಮೊದಲು ಅವನೇ ಚಪ್ಪಲಿ ಬಿಟ್ಟು ಮುಟ್ಲಿ” ಎಂದರು. ನಾನು ಅಳುಕುತ್ತಲೇ ಹಿಂದಿಯಲ್ಲಿ ಹೇಳಿದೆ. ಅವನು ಬರಿಗಾಲಲ್ಲಿ ನಿಂತು, ಕಣ್ಣು ಮುಚ್ಚಿ ಬಾಗಿಲು ಹಿಡಿದ. ಏನೂ ಆಗಲಿಲ್ಲ! ಅತ್ತೆ ಠೀವಿಯಿಂದ ಎದ್ದು ಬಾಗಿಲು ತೆಗೆದು, ಅವನಿಗೇ ಒಂದು ಲೋಟ ತಣ್ಣನೆಯ ಮಜ್ಜಿಗೆ ಕೊಟ್ಟರು.

ಫಿಸಿಕ್ಸ್ ಎಂ.ಎಸ್ಸಿ. ಮಾಡಿದ ನಾನು ಎಂಟು ತಿಂಗಳು ಚಪ್ಪಲಿ ಮೆಟ್ಟಿಕೊಂಡೇ ಕಳೆದಿದ್ದೆ. ಆಮೇಲೆ ಮೂರು ಬಾಡಿಗೆ ಮನೆ ಬದಲಿಸಿದೆವು. ಮೂರರಲ್ಲೂ ಫ್ರಿಜ್ ಜೋಡಿಸಿ ಟೆಸ್ಟರ್ ತೋರಿಸಿದ ಎಲೆಕ್ಟ್ರಿಷಿಯನ್‌ಗೆ ನಾನು ಹೇಳಿದ್ದು ಅತ್ತೆಯ ಮಾತನ್ನೇ, ಹಿಂದಿಯಲ್ಲಿ: “ಭಯ್ಯಾ, ಚಪ್ಪಲ್ ಉತಾರೋ.”