ಇಳಿತದ ಹೊತ್ತಿನ ಅಳತೆ

ನಮ್ಮ ಮೊಕ್ಪೊ ಬಂದರಿನಾಚೆಯ ದ್ವೀಪಗಳಲ್ಲಿ ಫೋನು ಕಂಪನಿಯೊಂದರ ಪರವಾಗಿ ಇಂಟರ್ನೆಟ್ಟಿನ ವೇಗ ಅಳೆಯುವವಳು ಪ್ಯೊ ಮಿರಾನ್. ಬೆನ್ನಚೀಲದ ತುಂಬ ಫೋನುಗಳು, ಕೈಯಲ್ಲೊಂದು ಪರದೆ. ಅವಳು ನಡೆಯುತ್ತಾಳೆ, ಫೋನುಗಳು ತಮ್ಮಷ್ಟಕ್ಕೆ ಏನನ್ನೋ ಇಳಿಸಿಕೊಳ್ಳುತ್ತ, ಕಳಿಸುತ್ತ ಇರುತ್ತವೆ, ಎಷ್ಟು ಬೇಗ ಆಯಿತೆಂಬುದು ಪರದೆಯಲ್ಲಿ ಮೂಡುತ್ತದೆ. ಮೊದಲು ಅವಳು ಅದೇ ಕಂಪನಿಯ ದೂರು ವಿಭಾಗದಲ್ಲಿದ್ದಳು. ಫೋನು ಹತ್ತುವುದಿಲ್ಲ ಎಂದು ಕೂಗುವವರಿಗೆ ‘ಅಳೆದು ನೋಡಿದ್ದೇವೆ, ಸರಿಯಾಗಿದೆ’ ಎಂದು ಓದಿ ಹೇಳುವುದು ಕೆಲಸ. ಕೂಗುವವರೂ ಅಳೆದವರೂ ಸುಳ್ಳು ಹೇಳುತ್ತಿಲ್ಲವಾದರೆ ನಡುವೆ ಇರುವುದೇನು? ಈ ಪ್ರಶ್ನೆ ಬಿಡದೆ ಕೊರೆದಾಗ, ನಲವತ್ತು ದಾಟಿದ ಮೇಲೆ, ಕುರ್ಚಿ ಬಿಟ್ಟು ಚೀಲ ಹೊತ್ತಳು.

ಸೆಬ್ಯೊ ದ್ವೀಪದಿಂದ ಒಂದು ದೂರು ಮತ್ತೆ ಮತ್ತೆ ಬರುತ್ತಿತ್ತು: ಹೆಂಗಸರು ದುಡಿಯುವ ಜಾಗದಲ್ಲಿ ಫೋನು ಕೆಲಸ ಮಾಡುವುದಿಲ್ಲ. ಕಚೇರಿಯವರು ನಕ್ಷೆ ನೋಡಿದರು. ಆ ಜಾಗ ಸಮುದ್ರ. ಮಿರಾನಳ ಈ ಸಲದ ಅಳತೆಯೂ ಸರಿಬಂದರೆ ದೂರನ್ನು ಮುಚ್ಚಿಬಿಡುವುದೆಂದು ತೀರ್ಮಾನವಾಗಿತ್ತು. ಹಿಂದಿನ ಶರತ್ಕಾಲದಲ್ಲಿ ಅಲ್ಲಿ ಮಂಜು ಕವಿದು, ಒಬ್ಬಾಕೆ ದಡವೆಂದುಕೊಂಡು ಕಡಲಿನ ಕಡೆಗೇ ನಡೆದಿದ್ದಳು. ಊರವರು ಬೋಗುಣಿ ಬಡಿದು ಸದ್ದು ಮಾಡಿದ್ದರಿಂದ ಜೀವ ಉಳಿಯಿತು.

ಊರಿನ ರಸ್ತೆಗಳಲ್ಲಿ, ಲಾಂಚಿನ ಕಟ್ಟೆಯಲ್ಲಿ ವೇಗ ಚೆನ್ನಾಗಿಯೇ ಬಂತು. ಸಮುದಾಯ ಭವನದಲ್ಲಿ ಊಟಕ್ಕೆ ಕುಳಿತಾಗ ಅವಳು ದೂರು ಕೊಟ್ಟ ಮುದುಕಿ ಮಾ ಸುನ್‌ಯೆಗೆ ಪರದೆ ತೋರಿಸಿದಳು.

“ನೋಡಿ ಅಜ್ಜಿ, ಇಡೀ ಸಿನಿಮಾ ಅರೆಗಳಿಗೇಲಿ ಇಳೀತು.”

“ಸಿನಿಮಾ ನೋಡ್ಕೊಂಡು ಚಿಪ್ಪಿ ಬಗೀತಾರಾ? ಮಂಜು ಬಿದ್ದಾಗ ದಡ ಯಾವ ಕಡೆ ಅಂತ ನಕ್ಷೆ ತೋರಿಸ್ಬೇಕು. ಅಲ್ಲಿ ಅದು ಬಾಯೇ ಬಿಡಲ್ಲ.”

“ಅಲ್ಲಿ ಅಂದ್ರೆ?”

ಸುನ್‌ಯೆ ಚಮಚದಿಂದಲೇ ಕಿಟಕಿಯಾಚೆ ತೋರಿಸಿದಳು. ಅಲ್ಲಿ ಬರೀ ನೀರು.

“ಅದು ಸಮುದ್ರ ಅಲ್ವಾ?”

“ಈಗ ಸಮುದ್ರ. ಸಂಜೆಗೆ ನಮ್ಮ ಹೊಲ. ನಿಮ್ಮೋರು ಲಾಂಚಲ್ಲಿ ಬರ್ತಾರೆ, ಲಾಂಚಲ್ಲೇ ಹೋಗ್ತಾರೆ. ನೀರು ಇಳಿಯೋತನಕ ಒಬ್ರಾದ್ರೂ ಇದ್ದಿದ್ದುಂಟಾ?”

ಲಾಂಚು ಕಟ್ಟೆಗೆ ಬಂದು ನಿಲ್ಲುವುದು ಉಬ್ಬರದಲ್ಲಿ ಮಾತ್ರ. ಇಷ್ಟು ವರ್ಷದ ಅಳತೆಗಳೆಲ್ಲ ಹೆಂಗಸರು ಮನೆಯಲ್ಲಿದ್ದ ಹೊತ್ತಿನವು. ಮಿರಾನ್ ಲಾಂಚನ್ನು ಹೋಗಗೊಟ್ಟಳು.

“ಇಲ್ಲೇ ಉಳೀತೀಯೇನೇ? ಗಂಡ ಕಾಯಲ್ವಾ?”

“ರಾಮ್ಯೊನ್ ನೂಡಲ್ಸ್ ಬೇಯಿಸ್ಕೊಳೋಕೆ ಬರುತ್ತೆ ಅವ್ರಿಗೆ.”

“ಪುಣ್ಯವಂತೆ! ನನ್ನ ಗಂಡಂಗೆ ನೀರು ಕಾಸೋಕೂ ಬರ್ತಿರ್ಲಿಲ್ಲ.”

ನೀರು ಇಳಿಯಿತು. ಕಣ್ಣು ಹಾಯುವಷ್ಟು ದೂರ ಬೂದು ಕೆಸರು. ಹೆಂಗಸರು ಉದ್ದನೆಯ ಹಲಗೆಗಳ ಮೇಲೆ ಒಂದು ಮಂಡಿಯೂರಿ, ಇನ್ನೊಂದು ಕಾಲಿನಿಂದ ಕೆಸರನ್ನು ಒದೆಯುತ್ತ ಜಾರಿ ಹೊರಟರು. ಮಿರಾನ್ ನಡೆಯಹೋಗಿ ಮೊಣಕಾಲವರೆಗೆ ಹೂತಳು.

“ಪೇಟೆ ಮೂಲಂಗಿ ನೆಟ್ಟಂಗಿದೆ!” ಎಂದು ಯಾರೋ ಕೂಗಿದರು. ಸುನ್‌ಯೆ ನಗುತ್ತಲೇ ತನ್ನ ಹಲಗೆ ಕೊಟ್ಟಳು.

ಕೆಸರಿನಲ್ಲಿ ನೀರು ಕೊರೆದ ಕಾಲುವೆಗಳಿವೆ. ಮೊದಲನೆಯದರಲ್ಲಿ ವೇಗ ಕುಸಿಯಿತು. ಎರಡನೆಯದರ ತಳಕ್ಕಿಳಿದಾಗ ಪರದೆಯಲ್ಲಿ ಏನೂ ಉಳಿಯಲಿಲ್ಲ. ತಿರುಗಿ ನೋಡಿದಳು: ಗುಡ್ಡದ ಮೇಲಿನ ಗೋಪುರದ ಆಂಟೆನಾಗಳು ಊರಿಗೂ ಕಟ್ಟೆಗೂ ಮುಖಮಾಡಿದ್ದವು, ಕೆಸರಿನ ಕಡೆಗೆ ಒಂದೂ ಇರಲಿಲ್ಲ.

ದಡಕ್ಕೆ ಬಂದು ಅಳತೆ ಕಳಿಸಿದ ಕೂಡಲೇ ಮೇಲಧಿಕಾರಿ ತಕ್‌ನ ಫೋನು ಬಂತು.

“ಮಿರಾನ್ ಅವ್ರೇ, ಕಂಪ್ಯೂಟರ್ ಇದನ್ನ ತಗೋತಾ ಇಲ್ಲ. ನೀವು ನಡೆದಿರೋದು ಸಮುದ್ರದ ಮೇಲಂತೆ. ಎಲ್ಲಿ ತಗೊಂಡ್ರಿ ಅಂಥ ಬೂಟು?”

“ಸಮುದ್ರದ ಅಳತೆನ ಯಾವಾಗ ತಗೊಳುತ್ತೆ ಸಾರ್?”

“ದೋಣಿಯಿಂದ ಅಳೆದ್ರೆ.”

“ಹಾಗಾದ್ರೆ ದೋಣಿ ಅಂತ್ಲೇ ಹಾಕಿ.”

“ಎಂಥ ದೋಣಿ?”

“ಒಬ್ರು ಹೋಗೋದು. ಒಂದು ಕಾಲು ಒಳಗೆ, ಒಂದು ಹೊರಗೆ.”

ತಕ್ ಏನನ್ನೋ ಟೈಪಿಸಿದ. ಆಮೇಲೆ ಕೇಳಿದ: “ಮಾಲೀಕರ ಹೆಸರು?”

“ಮಾ ಸುನ್‌ಯೆ.”

ಆಳನ್ನೂ ಸರಕನ್ನೂ ಹೊರುವ ಹಲಗೆಯನ್ನು ದೋಣಿಯೆನ್ನಲು ಅವನಿಗೂ ಅಡ್ಡಿ ಕಾಣಲಿಲ್ಲ. ಕಂಪ್ಯೂಟರ್ ಒಪ್ಪಿತು, ದೂರು ಮುಚ್ಚಲಿಲ್ಲ.

ವಸಂತದಲ್ಲಿ ಗೋಪುರಕ್ಕೆ ಕೆಸರಿನತ್ತ ನೋಡುವ ಆಂಟೆನಾ ಬಂತು. ಮರು ಅಳತೆಗೆ ಹೋಗಿ ಇಳಿತದವರೆಗೂ ಉಳಿದ ಮಿರಾನ್ ದಡದಲ್ಲಿ ನಿಂತಿದ್ದಾಗ ಸುನ್‌ಯೆ ದೂರದಿಂದ ಫೋನು ಮಾಡಿದಳು.

“ಎರಡನೇ ಕಾಲುವೇಲಿದೀನಿ ಕಣೇ. ನಕ್ಷೆ ತೆರೀತು, ದಡ ಕಾಣ್ತಿದೆ. ಆದ್ರೆ ಹುಡುಗೀರು ಚಿಪ್ಪಿ ಹುಡುಕ್ಕೊಂಡು ಮೂರನೇದಕ್ಕೂ ಹೋಗ್ತಾರೆ.”

“ಅಲ್ಲಿ ಹೇಗಿದೆ ಅಜ್ಜಿ?”

“ತಾಳು, ಇಳೀತಿದೀನಿ. ಕೇಳಿಸ್ತಾ? ಈಗ್ಲೂ ಕೇಳಿಸ್ತಾ? ಈಗ—”

ಮಾತು ಕಡಿಯಿತು. ಮಿರಾನ್ ಬೂಟು ಕಳಚಿಟ್ಟು, ಫೋನುಗಳ ಚೀಲ ಬೆನ್ನಿಗೇರಿಸಿ, ಖಾಲಿ ಬಿದ್ದಿದ್ದ ಹಲಗೆಯೊಂದನ್ನು ಎಳೆದುಕೊಂಡು ಕೆಸರಿಗಿಳಿದಳು.